ಬೀಗ ಯಾರದು, ಬೀಗದ ಕೈ ಯಾರದು?

2003ರ ಫೆಬ್ರವರಿಯಲ್ಲಿ ಬೀಜಿಂಗಿನ ಆಟಗಾರನೊಬ್ಬ ‘ರೆಡ್ ಮೂನ್’ ಎಂಬ ಆನ್‌ಲೈನ್ ಆಟದ ತನ್ನ ಖಾತೆ ತೆರೆದು ನೋಡಿದರೆ ಒಳಗೆಲ್ಲ ಖಾಲಿ. ಎರಡು ವರ್ಷ ನಿದ್ದೆಗೆಟ್ಟು, ಸುಮಾರು 10,000 ಯುವಾನ್ ಸುರಿದು ಕೂಡಿಸಿದ್ದ ಆಯುಧಗಳು ಮಾಯವಾಗಿದ್ದವು. ಅವು ಯಾರ ಖಾತೆ ಸೇರಿವೆ ಎಂದು ಕಂಪನಿಯನ್ನು ಕೇಳಿದ. ಅದು ಖಾಸಗಿ ಮಾಹಿತಿ, ಕೊಡಲಾಗದು ಎಂದರು. ಪೊಲೀಸರಿಂದಲೂ ಪ್ರಯೋಜನವಾಗಲಿಲ್ಲ. ಆತ ಕಂಪನಿಯ ಮೇಲೆಯೇ ದಾವೆ ಹೂಡಿದ.

ಆ ಆಯುಧಗಳು ಬರೀ ದತ್ತಾಂಶ, ಹೊರಗಿನ ಲೋಕದಲ್ಲಿ ಅವಕ್ಕೆ ಬೆಲೆಯಿಲ್ಲ ಎಂಬುದು ಕಂಪನಿಯ ವಾದ. ಬೆಲೆಯಿಲ್ಲದ್ದನ್ನು ಯಾರಾದರೂ ಕದಿಯುತ್ತಾರೆಯೇ? ಅದೇ ಡಿಸೆಂಬರಿನಲ್ಲಿ ಚಾವೊಯಾಂಗ್ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟಿತು: ಸರ್ವರಿನ ಭದ್ರತೆಯಲ್ಲಿ ಲೋಪವಿತ್ತು, ಹೊಣೆ ಕಂಪನಿಯದು, ಕಳೆದುಹೋದದ್ದನ್ನು ಮರಳಿಸತಕ್ಕದ್ದು.

ಈ ‘ಮರಳಿಸುವುದು’ ಎಂಬ ಮಾತಿನಲ್ಲೇ ಸ್ವಾರಸ್ಯವಿದೆ. ನಮ್ಮ ಬ್ಯಾಂಕ್ ಲಾಕರುಗಳನ್ನೇ ನೋಡಿ. ಒಳಗೇನಿದೆ ಎಂದು ಬ್ಯಾಂಕಿಗೆ ತಿಳಿಯದು. ಆದರೂ ಗ್ರಾಹಕನ ಲಾಕರಿನ ವಿಷಯದಲ್ಲಿ ಬ್ಯಾಂಕು ಕೈತೊಳೆದುಕೊಳ್ಳುವಂತಿಲ್ಲ ಎಂದು 2021ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ಆಟದ ಕಂಪನಿಗಾದರೋ ಒಳಗೇನಿತ್ತು, ಯಾವಾಗ ಹೋಯಿತು, ಎಲ್ಲವೂ ತನ್ನ ಸರ್ವರಿನಲ್ಲೇ ಸಿಗುತ್ತದೆ. ಕಳುವಾದ ಒಡವೆಯನ್ನು ಬ್ಯಾಂಕು ಮತ್ತೆ ಸೃಷ್ಟಿಸಲಾರದು, ಕಳುವಾದ ಕತ್ತಿಯನ್ನು ಕಂಪನಿ ಸೃಷ್ಟಿಸಬಲ್ಲದು, ಅದೂ ಹೆಚ್ಚುಕಡಿಮೆ ಪುಕ್ಕಟೆಯಾಗಿ.

ಹಾಗಿದ್ದೂ ಮುಂದಿನ ವರ್ಷಗಳಲ್ಲಿ ಹೊಣೆ ಮೆಲ್ಲಗೆ ಆಟಗಾರನ ಹೆಗಲಿಗೆ ಜಾರಿತು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ನಡೆಸುವ ಬ್ಲಿಝಾರ್ಡ್ 2008ರಲ್ಲಿ, ಒಮ್ಮೆ ಮಾತ್ರ ಬಳಸಬಹುದಾದ ಗುಪ್ತಸಂಖ್ಯೆ ತೋರಿಸುವ ಪುಟ್ಟ ಸಾಧನವನ್ನು ಆರೂವರೆ ಡಾಲರಿಗೆ ಮಾರತೊಡಗಿತು. ಇಂದಿನ ಒಟಿಪಿಯ ಅಣ್ಣ ಎನ್ನಿ. ಉಪಯುಕ್ತವೇ, ಆದರೆ ತಿಂಗಳ ಬಾಡಿಗೆ ಕಟ್ಟಿ ಇರುವವನೇ ಬಾಗಿಲಿಗೆ ಎರಡನೆಯ ಬೀಗವನ್ನೂ ಕೊಳ್ಳಬೇಕಾಯಿತು.

2011ರ ಏಪ್ರಿಲ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ ನೆಟ್‌ವರ್ಕಿಗೆ ಕನ್ನ ಬಿತ್ತು. ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಬಯಲಾಯಿತು, ವಾರಗಟ್ಟಲೆ ಸೇವೆ ನಿಂತಿತು. ಇಲ್ಲಿ ಯಾವ ಆಟಗಾರನೂ ಪಾಸ್‌ವರ್ಡನ್ನು ಗೆಳೆಯನಿಗೆ ಹೇಳಿ ಕೆಟ್ಟಿದ್ದಲ್ಲ. ಸೋನಿಯ ಹಿರಿಯರು ಟೋಕಿಯೋದಲ್ಲಿ ಬಾಗಿ ಕ್ಷಮೆ ಕೇಳಿದರು. ಆದರೆ ಸೆಪ್ಟೆಂಬರಿನಲ್ಲಿ ಅಮೆರಿಕದ ಗ್ರಾಹಕರಿಗೆ ಹೊಸ ಕರಾರು ಬಂತು. ಎಲ್ಲರೂ ಸೇರಿ ದಾವೆ ಹೂಡುವ ಹಕ್ಕನ್ನು ಅದು ಕಿತ್ತುಕೊಂಡಿತ್ತು. ಬೇಡವೆನ್ನುವವರು 30 ದಿನದೊಳಗೆ ಕಾಗದ ಬರೆದು ತಿಳಿಸಬೇಕಿತ್ತು. ನಾವೆಲ್ಲ ಓದದೆ ‘ಒಪ್ಪಿದೆ’ ಎಂದು ಒತ್ತುತ್ತೇವಲ್ಲ, ಅಂಥದ್ದೇ ಪುಟ. ಆ ಸೋರಿಕೆಯನ್ನು ತಡೆಯಬಹುದಿತ್ತು ಎಂದು ಕಂಡ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2013ರಲ್ಲಿ ವಿಧಿಸಿದ ದಂಡ 2,50,000 ಪೌಂಡ್. ಖಾತೆಗಳ ಲೆಕ್ಕಕ್ಕೆ ಅದನ್ನು ಭಾಗಿಸಿ ನೋಡಿದರೆ ನಗು ಬರುತ್ತದೆ.

ಚೀನಾದ ನಾಗರಿಕ ಸಂಹಿತೆಯಲ್ಲಿ ಈಗ ‘ವರ್ಚುವಲ್ ಆಸ್ತಿ’ ಎಂಬ ಮಾತೇ ಸೇರಿದೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಭದ್ರತೆಯಲ್ಲಿ ತಪ್ಪಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಕೊಡುತ್ತದೆ. ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ಖಾತೆ ಕಳೆದುಕೊಂಡವನಿಗೆ ಅದರಲ್ಲಿ ಪಾಲಿಲ್ಲ.