ಗೆರೆಯೋ ಗೋಡೆಯೋ

ಮೂರು ವರ್ಷದ ಹಿಂದೆ ನಮ್ಮ ಕಾಲೇಜಿನ ಹಳೆಯ ಕಟ್ಟಡಕ್ಕೆ ನೂರು ತುಂಬುತ್ತದೆಂದು ಗೊತ್ತಾದಾಗ ಎಲ್ಲರಿಗೂ ಮೊದಲು ಹೊಳೆದದ್ದು ದೀಪಾಲಂಕಾರ. ಮೈಸೂರಿನವರಿಗೆ ಬೇರೇನು ಹೊಳೆದೀತು? ಸಮಿತಿಯೊಂದು ಆಯಿತು. ಇತಿಹಾಸದವರೊಬ್ಬರು ಇರಲಿ ಎಂದು ನನ್ನನ್ನೂ ಸೇರಿಸಿದರು. ಮೊದಲ ಸಭೆಯಲ್ಲಿ ನಾನು ಆಡಿದ ಮಾತು ಒಂದೇ: "ಅರಮನೆ ಥರ ಇರ್ಲಿ." ಎಲ್ಲರೂ ತಲೆಯಾಡಿಸಿದರು. ಆ ಮಾತಿನ ಅರ್ಥ ನನಗೇ ಗೊತ್ತಿರಲಿಲ್ಲ ಎನ್ನುವುದು ತಿಳಿದದ್ದು ಮುಂದಿನ ಮಳೆಗಾಲದಲ್ಲಿ.

ಅರಮನೆಯ ಬೆಳಕನ್ನು ನೋಡದವರು ಕಡಿಮೆ. ಭಾನುವಾರ ಸಂಜೆ, ದಸರೆಯಲ್ಲಾದರೆ ದಿನವೂ, ಸುಮಾರು 97,000 ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ, ಜನ 'ಹೋ' ಎನ್ನುತ್ತಾರೆ. ಆದರೆ ಒಮ್ಮೆ ಗಮನವಿಟ್ಟು ನೋಡಿ. ಆ ಹೊತ್ತಿನಲ್ಲಿ ನಮಗೆ ಅರಮನೆಯ ಗೋಡೆ ಕಾಣುವುದು ಅಷ್ಟಕ್ಕಷ್ಟೇ. ಹಗಲು ಕಂಡ ಬೂದುಗಲ್ಲು, ಗುಮ್ಮಟಗಳ ಕೆಂಪು ಹಿಂದೆ ಸರಿಯುತ್ತವೆ. ಕಾಣುವುದು ಕಮಾನಿನ ಬಾಗು, ಗುಮ್ಮಟದ ಅಂಚು, ಗೋಪುರದ ಏಣು. ಕಪ್ಪು ಹಲಗೆಯ ಮೇಲೆ ಯಾರೋ ಬಳಪದಲ್ಲಿ ಅರಮನೆಯ ಚಿತ್ರ ಬರೆದಂತೆ. ಗೆರೆ ಕೂಡ ನಿಜವಾದ ಗೆರೆಯಲ್ಲ. ಬಿಡಿಬಿಡಿ ಚುಕ್ಕಿಗಳು, ಸೇರಿಸುವುದು ನಮ್ಮ ಕಣ್ಣು. ಮುಂಬಾಗಿಲಿನ ರಂಗೋಲಿಯ ಲೆಕ್ಕವೇ.

ಕಟ್ಟಡದ ಅಂಚಿಗೆ ದೀಪ ಸಾಲಿಡುವುದು ನಮಗೆ ಹೊಸದಲ್ಲ. ಕಾರ್ತಿಕದಲ್ಲಿ ದೇವಸ್ಥಾನದ ಪ್ರಾಕಾರದ ಮೇಲೆ, ದೀಪಾವಳಿಗೆ ಮನೆಯ ಜಗಲಿಯ ಮೇಲೆ ಹಣತೆ ಇಡುತ್ತೇವೆ. ಹಣತೆಗೆ ಗೋಡೆಯನ್ನು ಬೆಳಗುವ ಶಕ್ತಿ ಇಲ್ಲ, ತನ್ನನ್ನು ತಾನು ತೋರಿಸಿಕೊಳ್ಳುವುದಷ್ಟೇ ಅದರ ಕೆಲಸ. ವಿದ್ಯುತ್ತಿನ ಮೊದಲ ಬಲ್ಬುಗಳ ಪಾಡೂ ಅದೇ ಆಗಿತ್ತು. ಇಂಗಾಲದ ತಂತಿಯ ಆ ಬಲ್ಬುಗಳು ಎಂಟೋ ಹದಿನಾರೋ ಮೇಣದಬತ್ತಿಗಳಷ್ಟು ಬೆಳಕು ಕೊಡುತ್ತಿದ್ದವು. ದೊಡ್ಡ ಗೋಡೆಯೊಂದನ್ನು ಅವುಗಳಿಂದ ಬೆಳಗುವುದು ಆಗದ ಮಾತು. ಹಾಗಾಗಿ ಅಂಚಿನುದ್ದಕ್ಕೂ ಜೋಡಿಸಿದರು. 1893ರ ಶಿಕಾಗೋ ವಸ್ತುಪ್ರದರ್ಶನದಲ್ಲಿ ಈ ಪದ್ಧತಿ ಜಗತ್ತಿಗೆ ಕಂಡಿತು, 1901ರಲ್ಲಿ ಬಫಲೋ ನಗರದ ಪ್ರದರ್ಶನದಲ್ಲಿ ಅದು ತುದಿ ಮುಟ್ಟಿತು. ಸುಮಾರು 40 ಕಿಲೋಮೀಟರ್ ಆಚೆಯ ನಯಾಗರಾ ಜಲಪಾತದಿಂದ ಬಂದ ವಿದ್ಯುತ್ತು. ಮುಸ್ಸಂಜೆಯಲ್ಲಿ ಸಾವಿರಾರು ಬಲ್ಬುಗಳನ್ನು ಒಮ್ಮೆಲೇ ಹಾಕದೆ, ಮೊದಲು ಮಂಕಾಗಿ, ಆಮೇಲೆ ಮೆಲ್ಲಮೆಲ್ಲಗೆ ಪೂರ್ಣ ಬೆಳಕಿಗೆ ಏರಿಸುತ್ತಿದ್ದರಂತೆ. ಅದೇ ಪ್ರದರ್ಶನದಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲಿಗೆ ಗುಂಡೇಟು ಬಿತ್ತು. ಅಲ್ಲಿನ ಸಣ್ಣ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸಾಕಷ್ಟು ಬೆಳಕಿರಲಿಲ್ಲ. ಇಳಿಬಿಸಿಲನ್ನೇ ಪ್ರತಿಫಲಿಸಿ ವೈದ್ಯರು ಕೆಲಸ ಮಾಡಬೇಕಾಯಿತು. ಹೊರಗೆ ಕಟ್ಟಡಗಳ ಅಂಚಿನ ತುಂಬ ಬಲ್ಬು! ಈ ಪ್ರಸಂಗ ಓದಿದಾಗಲೆಲ್ಲ ನಮ್ಮ ಗ್ರಂಥಾಲಯದ ಮೂಲೆಯ ಕಪಾಟುಗಳು ನೆನಪಾಗುತ್ತವೆ. ಇರಲಿ.

ನಮ್ಮ ಕಥೆಯೂ ಜಲಪಾತದಿಂದಲೇ ಶುರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂತು. ಆ ಹೊತ್ತಿಗೆ ಮೈಸೂರಿನಲ್ಲಿ ಹೊಸ ಅರಮನೆ ಏಳುತ್ತಿತ್ತು. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ, ಬೆಂಕಿಗೆ ಆಹುತಿಯಾಗಿತ್ತು. ಹೊಸದರ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಕೆಲಸ ಮುಗಿದದ್ದು 1912ರಲ್ಲಿ. ಇದೇ ಇರ್ವಿನ್ 1888ರಲ್ಲಿ ಶಿಮ್ಲಾದಲ್ಲಿ ಮುಗಿಸಿದ ವೈಸ್‌ರಾಯ್ ನಿವಾಸದಲ್ಲಿ ಆಗಲೇ ವಿದ್ಯುದ್ದೀಪಗಳಿದ್ದವು.

ಒಂದು ಲೆಕ್ಕ ಹಾಕಿ ನೋಡಿದೆ. ಅರಮನೆಯ ಬಲ್ಬು ಒಂದೊಂದೂ 15 ವ್ಯಾಟ್ ಎಂದು ಇಟ್ಟುಕೊಂಡರೆ 97,000ಕ್ಕೆ ಸುಮಾರು 1,455 ಕಿಲೋವ್ಯಾಟ್ ಬೇಕು. ಶಿವನಸಮುದ್ರದಲ್ಲಿ ಮೊದಲಿಗೆ ಕೂಡಿಸಿದ್ದು 720 ಕಿಲೋವ್ಯಾಟ್‌ನ ಆರು ಯಂತ್ರಗಳನ್ನು. ಅಂದರೆ ಆ ಇಡೀ ಕೇಂದ್ರದ ಮೂರರಲ್ಲೊಂದು ಪಾಲು ಇಂದಿನ ಅರಮನೆಯ ಅಂಚಿಗೇ ಹೋಗಿಬಿಡುತ್ತಿತ್ತು.

ಅಂಚಿನ ಬಲ್ಬುಗಳ ಯುಗ ಹೊರಗೆ ಬೇಗ ಮುಗಿಯಿತು. ಟಂಗ್‌ಸ್ಟನ್ ತಂತಿಯ ಪ್ರಬಲ ಬಲ್ಬು ಬಂದ ಮೇಲೆ ಗೋಡೆಗೇ ಬೆಳಕು ಚೆಲ್ಲುವುದು ಸಾಧ್ಯವಾಯಿತು. 1915ರ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದಲ್ಲಿ ವಾಲ್ಟರ್ ಡಾರ್ಸಿ ರಯಾನ್ ಎಂಬ ದೀಪತಜ್ಞ ಅಂಚಿನ ಸಾಲನ್ನು ಬೇಕೆಂದೇ ಬಿಟ್ಟು, ದೀಪಗಳನ್ನು ಮರೆಯಲ್ಲಿಟ್ಟು ಗೋಡೆಗಳನ್ನು ತೊಳೆದಂತೆ ಬೆಳಗಿಸಿದ. ದೀಪ ಕಾಣಬಾರದು, ಕಟ್ಟಡ ಕಾಣಬೇಕು ಎನ್ನುವ ಇನ್ನೊಂದು ಪಂಥ ಅಲ್ಲಿಂದ ಬೆಳೆಯಿತು. ಇದರ ಮಧ್ಯೆ, 1910ರಲ್ಲಿ, ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಜಾರ್ಜ್ ಕ್ಲೋಡ್ 12 ಮೀಟರ್ ಉದ್ದದ ನಿಯಾನ್ ಕೊಳವೆಗಳನ್ನು ತೋರಿಸಿದ್ದ. ಚುಕ್ಕಿಯಿಲ್ಲದ ಬೆಳಕಿನ ಗೆರೆ ಅದು. ಇಂದಿನ ಲೀನಿಯರ್ ಎಲ್‌ಇಡಿಯ ಅಜ್ಜ ಯಾರೆಂದು ಕೇಳಿದರೆ ನಾನು ಅವನ ಕೊಳವೆಯನ್ನೇ ತೋರಿಸುತ್ತೇನೆ. ಎಲ್‌ಇಡಿಯ ಸ್ವಂತ ಕಥೆ ನಿಧಾನದ್ದು. ನಿಕ್ ಹೊಲೊನ್ಯಾಕ್ 1962ರಲ್ಲಿ ಕೆಂಪು ಬೆಳಕು ತಂದರು. ಬಿಳಿಗೆ ಬೇಕಾದ ಪ್ರಖರ ನೀಲಿ ಸಿಕ್ಕಿದ್ದು 1990ರ ದಶಕದಲ್ಲಿ. ಅದಕ್ಕಾಗಿ ಅಕಸಾಕಿ, ಅಮಾನೋ, ನಕಮುರಾ ಮೂವರಿಗೆ 2014ರ ನೊಬೆಲ್ ಬಂತು.

ಇಷ್ಟೆಲ್ಲ ನಾನು ಓದಿಕೊಂಡದ್ದು ಕೆಟ್ಟ ಮೇಲೆ.

ಮೊದಲ ಸಲ ನಾವು ಕಡಿಮೆ ದರದ ಕೊಟೇಶನ್ ಒಪ್ಪಿಕೊಂಡೆವು. ಬಂದವರು ಕಮಾನು, ಸಜ್ಜೆ, ಕಂಬ ಎಲ್ಲದರ ಅಂಚಿಗೂ ಎಲ್‌ಇಡಿ ಪಟ್ಟಿ ಎಳೆದರು. 6500 ಕೆಲ್ವಿನ್‌ನ ಬೆಳಕು. ಟ್ಯೂಬ್‌ಲೈಟಿನ ಆ ನೀಲಿ ಬಿಳುಪಿನಲ್ಲಿ ನಮ್ಮ ಕಟ್ಟಡ ಪೆಟ್ರೋಲ್ ಬಂಕಿನಂತೆ ಕಂಡಿತು. ಅರಮನೆಯ ಹಳೆಯ ಬಲ್ಬಿನ ಬೆಳಕು 2700 ಕೆಲ್ವಿನ್ ಆಸುಪಾಸಿನದು, ಹಣತೆಯದು ಇನ್ನೂ ಕೆಳಗೆ. 'ಅರಮನೆ ಥರ' ಎಂದವನು ಈ ಒಂದು ಸಂಖ್ಯೆಯನ್ನು ಕೇಳಬೇಕಿತ್ತು. ಉದ್ದಕ್ಕೂ ಒಂದೇ ತುದಿಯಿಂದ ವಿದ್ಯುತ್ತು ಕೊಟ್ಟಿದ್ದರಿಂದ ಪಟ್ಟಿಯ ಈ ತುದಿ ಪ್ರಖರ, ಆ ತುದಿ ಮಂಕು. ಮೀಟರಿಗೆ 10 ವ್ಯಾಟ್‌ನ ಪಟ್ಟಿ 20 ಮೀಟರ್ ಹೋದರೆ 200 ವ್ಯಾಟ್. 12 ವೋಲ್ಟಿನಲ್ಲಿ ಅದು ಹದಿನಾರು ಆಂಪಿಯರ್ ದಾಟುತ್ತದೆ, 24ರಲ್ಲಿ ಅದರ ಅರ್ಧ. ಪಟ್ಟಿಯೊಳಗಿನ ತೆಳು ತಾಮ್ರ ಅಷ್ಟನ್ನು ಹೊರಲಾರದೆ ವೋಲ್ಟೇಜು ದಾರಿಯಲ್ಲೇ ಕರಗಿಹೋಗುತ್ತದೆ. ಜೂನಿನ ಮಳೆಗೆ ನೀರು ಒಳಗೆ ಇಳಿಯಿತು. ಪಟ್ಟಿ ಸಾಯುವುದು ತುಂಡುತುಂಡಾಗಿ. ಇಲ್ಲಿ ಒಂದು ಗೇಣು ಕತ್ತಲೆ, ಅಲ್ಲಿ ಅರ್ಧ ಗೇಣು. ನೂರು ವರ್ಷದ ಕಟ್ಟಡ ಬೊಚ್ಚುಬಾಯಿ ಬಿಟ್ಟುಕೊಂಡು ನಿಂತಿತು.

ಅದನ್ನೂ ಸಹಿಸಬಹುದಿತ್ತು. ಪಟ್ಟಿ ಬಿಚ್ಚಿಸಿದಾಗ ಕಂಡದ್ದು ಬೇರೆ: ಕಮಾನಿನ ಕೆತ್ತನೆಯ ಕಲ್ಲಿನಲ್ಲಿ ಸಾಲಾಗಿ ತೂತು, ತೂತಿನಲ್ಲಿ ಕಬ್ಬಿಣದ ಸ್ಕ್ರೂ, ಆಗಲೇ ತುಕ್ಕು. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿ ಕಲ್ಲನ್ನು ಸೀಳುತ್ತದೆ. ಎರಡು ಕಡೆ ಚಕ್ಕೆ ಎದ್ದಿತ್ತು. ಆ ಕೊಟೇಶನ್ನಿಗೆ ಒಪ್ಪಿಗೆಯ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಎರಡನೆಯ ಸಲ ಕೆಲಸಕ್ಕೆ ಬಂದವರು ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು. ಕಟ್ಟಡವನ್ನು ಒಂದು ಸುತ್ತು ಹಾಕಿ ಬಂದು ಕೇಳಿದರು: "ಸಾರ್, ನಿಮ್ಗೆ ಲೈಟ್ ಕಾಣ್ಬೇಕಾ, ಗೋಡೆ ಕಾಣ್ಬೇಕಾ? ಅದ್ನ ಮೊದ್ಲು ಹೇಳಿ."

ಶಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗಿನ ಜಗಳವನ್ನು ಅವರು ಒಂದೇ ವಾಕ್ಯದಲ್ಲಿ ಕೇಳಿದ್ದರು. ಲೀನಿಯರ್ ಎಲ್‌ಇಡಿಯ ಮಜಾ ಏನೆಂದರೆ ಅದು ಎರಡನ್ನೂ ಮಾಡಬಲ್ಲದು. ಹಾಲುಬಣ್ಣದ ಮುಚ್ಚಳ ಹಾಕಿ ಎದುರಿಗೆ ಇಟ್ಟರೆ ಗೆರೆ. ಸಜ್ಜೆಯ ಮರೆಯಲ್ಲಿ, ಗೋಡೆಯಿಂದ ಒಂದು ಗೇಣು ದೂರದಲ್ಲಿಟ್ಟು ಓರೆಯಾಗಿ ಬೆಳಕು ಹಾಯಿಸಿದರೆ ಉಳಿಯ ಒಂದೊಂದು ಏಟೂ ಎದ್ದು ಕಾಣುತ್ತದೆ. ಅರಮನೆಗೆ ಗೆರೆ ಒಪ್ಪುತ್ತದೆ. ಅದರ ಗುಮ್ಮಟ ಗೋಪುರಗಳ ಅಂಚೇ ಅದರ ಚೆಲುವು. ನಮ್ಮದು ಚೌಕದ ಕಟ್ಟಡ, ಅಂಚಿಗೆ ಗೆರೆ ಎಳೆದರೆ ರಟ್ಟಿನ ಪೆಟ್ಟಿಗೆ. ನಮ್ಮಲ್ಲಿರುವುದು ಕಲ್ಲಿನ ಮೈ. ಗೋಡೆ ಎಂದೆವು.

ಓರೆ ಬೆಳಕು ದಾಕ್ಷಿಣ್ಯ ನೋಡುವುದಿಲ್ಲ ಎಂದು ಅವರು ಮೊದಲೇ ಎಚ್ಚರಿಸಿದ್ದರು. ಒಂದು ರಾತ್ರಿ ತಾತ್ಕಾಲಿಕವಾಗಿ ಎರಡು ಮೀಟರ್ ಹಿಡಿದು ತೋರಿಸಿದಾಗ, ಹಳೆಯ ಗಾರೆಯ ಮೇಲೆ ಎಂದೋ ಮೆತ್ತಿದ ಸಿಮೆಂಟಿನ ತೇಪೆಗಳೆಲ್ಲ ಹುಣ್ಣಿನಂತೆ ಕಂಡವು. ಹಗಲಿನಲ್ಲಿ ಅವನ್ನು ನಾವ್ಯಾರೂ ಗಮನಿಸಿರಲಿಲ್ಲ. ದೀಪದ ದುಡ್ಡಿನಲ್ಲಿ ಅರ್ಧ ಗಾರೆಗೆ ಹೋಯಿತು. ಇಷ್ಟು ಒಳ್ಳೆಯ ಖರ್ಚನ್ನು ನಮ್ಮ ಸಮಿತಿ ಇನ್ನೊಂದು ಮಾಡಿಲ್ಲ.

ಉಳಿದದ್ದು ಹೀಗೆ. ಬೆಳಕು 2700 ಕೆಲ್ವಿನ್. ಶಾಖ ಹೊರಗೆ ಹೋಗಲೆಂದು ಪಟ್ಟಿಗೆ ಅಲ್ಯೂಮಿನಿಯಂ ಚಾನೆಲ್. ಮರೆಯಲ್ಲಿದ್ದರೂ ಇರಿಚಲು ಬಡಿಯುವ ಸಜ್ಜೆಗೆ ನೀರಿನ ಎರಚಲು ತಡೆಯುವ ಐಪಿ65, ಮಳೆನೀರು ನಿಲ್ಲುವ ಮೆಟ್ಟಿಲ ಬುಡಕ್ಕೆ ಮುಳುಗಿದರೂ ಸ್ವಲ್ಪ ಹೊತ್ತು ತಾಳುವ ಐಪಿ67. ಪಟ್ಟಿಯಷ್ಟೇ ಅಲ್ಲ, ಜೋಡಣೆಯ ಗಂಟುಗಳಿಗೂ ಅದೇ ರಕ್ಷಣೆ ಬೇಕು. ನಮ್ಮಲ್ಲಿ ಮೊದಲು ನೀರು ಇಳಿದದ್ದು ಅಲ್ಲೇ. ವಿದ್ಯುತ್ತು ಎರಡೂ ತುದಿಯಿಂದ. ಕಲ್ಲಿಗೆ ತೂತಿಲ್ಲ, ಕಲ್ಲುಗಳ ನಡುವಿನ ಗಾರೆಯ ಸಂದಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಹಿಡಿಕೆ. ನಾಳೆ ಬಿಚ್ಚಿದರೆ ಸಂದಿಗೆ ಮತ್ತೆ ಗಾರೆ ತುಂಬಿದರಾಯಿತು.

ಜಗಳವಾದದ್ದು ಅಂಗಳದ ಮಳೆಮರದ ವಿಷಯಕ್ಕೆ. ಕೊಂಬೆಕೊಂಬೆಗೂ ಪಟ್ಟಿ ಸುತ್ತಬೇಕೆಂದು ಹಳೆಯ ವಿದ್ಯಾರ್ಥಿಗಳ ಒತ್ತಾಯ. ಹಣದಲ್ಲಿ ದೊಡ್ಡ ಪಾಲು ಅವರದೇ. ಸಂಜೆ ಅಲ್ಲಿಗೆ ನೂರಾರು ಹಕ್ಕಿ ಬರುತ್ತವೆ. ಸಸ್ಯಶಾಸ್ತ್ರದ ಮೇಡಮ್ ಸಭೆಯಲ್ಲಿ ಎದ್ದು, "ನಿಮ್ ಬೆಡ್‌ರೂಮಿಗೆ ರಾತ್ರಿಯೆಲ್ಲಾ ಸೀರಿಯಲ್ ಸೆಟ್ ಹಾಕ್ಲಾ?" ಎಂದರು. ನಕ್ಕರು, ಆದರೆ ಒಪ್ಪಲಿಲ್ಲ. ಕೊನೆಗೆ ಮರದ ಬುಡದ ಕಟ್ಟೆಯ ಅಡಿಗೆ, ನೆಲದ ಕಡೆಗೆ ಮುಖಮಾಡಿ ಒಂದು ಗೆರೆ ಬೆಳಕು. ಮೇಲೆ ಏನೂ ಇಲ್ಲ. ರಾತ್ರಿ 9ಕ್ಕೆ ಟೈಮರ್ ಎಲ್ಲವನ್ನೂ ಆರಿಸುತ್ತದೆ.

ಕಲ್ಲಿನ ಆ ತೂತುಗಳು ಹಾಗೇ ಇವೆ. ಹೊಂದುವ ಕಲ್ಲಿನ ಪುಡಿ ಬೆರೆಸಿದ ಗಾರೆಯಿಂದ ತುಂಬಿಸಿದ್ದೇವೆ, ಹಗಲು ಗುರುತು ಸಿಗುವುದಿಲ್ಲ. ಸಂಜೆ ಏಳಕ್ಕೆ ಓರೆ ಬೆಳಕು ಹತ್ತಿದಾಗ ಎಡಗಡೆಯ ಕಮಾನಿನಲ್ಲಿ ಹನ್ನೊಂದು ಎಣಿಸಬಹುದು. ನಾನು ಎಣಿಸಿದ್ದೇನೆ.