ಅರ್ಧ ಇಂಚಿನ ಇತಿಹಾಸ: ಫಿಕ್ಸಿ ಸೈಕಲ್ಲಿನ ಪಾರ್ಟ್ಸ್ ಯಾಕೆ ಹಿಂಗಿವೆ?

📷 1/8
ಮೊದಲನೇ ಫೋಟೋದಲ್ಲಿ ಇರೋದು ನನ್ನ ಮೊಣಕಾಲು. ಊಟ ಮಾಡ್ತಾ ನೋಡ್ತಿದ್ರೆ ಬೇಗ ಸ್ವೈಪ್ ಮಾಡ್ಬಿಡಿ 🙏

ಕ್ಲಾಸಲ್ಲಿ ಎಲ್ಲರೂ ಕೇಳಿದ್ರಿ, ಏನಾಯ್ತು ಅಂತ. ಹಳೇ ಫ್ರೇಮ್ ಒಂದಕ್ಕೆ ಸಿಕ್ಕಿದ ಪಾರ್ಟ್ಸ್ ಹಾಕಿ ಫಿಕ್ಸಿ ಮಾಡ್ಕೊಂಡಿದ್ದೆ. ಫಿಕ್ಸಿ ಅಂದ್ರೆ ಚಕ್ರ ತಿರುಗೋ ತನಕ ಪೆಡಲೂ ತಿರುಗ್ತಾನೇ ಇರುತ್ತೆ. ಕಾಲು ಸುಮ್ನೆ ಇಟ್ಕೊಂಡು ಇಳಿಜಾರಲ್ಲಿ ತೇಲೋ ಹಾಗಿಲ್ಲ. ನಿಲ್ಲಿಸ್ಬೇಕು ಅಂದ್ರೆ ಪೆಡಲನ್ನ ಹಿಂದಕ್ಕೆ ಒತ್ತಬೇಕು. ಧಾರವಾಡದ ಒಂದು ಇಳಿಜಾರಲ್ಲಿ ಹಂಗೇ ಒತ್ತಿದೆ. ಪೆಡಲ್ ಪುಸಕ್ಕಂತ ಹಿಂದಕ್ಕೆ ಹೋಯ್ತು, ಸೈಕಲ್ ಮುಂದಕ್ಕೆ ಹೋಯ್ತು. ಬ್ರೇಕ್ ಹಾಕ್ಸಿರಲಿಲ್ಲ. ಮಿಕ್ಕಿದ್ದು ಫೋಟೋದಲ್ಲಿದೆ.

ತಪ್ಪು ಪೂರ್ತಿ ನಂದೇ. ಆ ತಪ್ಪಿಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ ಅಂತ ಆಮೇಲೆ ಗೊತ್ತಾಯ್ತು. ಅದನ್ನೇ ಇವತ್ತು ಹೇಳ್ತೀನಿ.

📷 2/8
ಮೊದಮೊದಲು ಪೆಡಲ್ ಇದ್ದ ಸೈಕಲ್‌ಗಳೆಲ್ಲಾ ಫಿಕ್ಸಿಗಳೇ. 1870ರ ದಶಕದ ಆ ಎತ್ತರದ ಸೈಕಲ್ ಚಿತ್ರ ನೋಡಿರ್ತೀರಿ, ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟಾಣಿ ಚಕ್ರ. ಅದರಲ್ಲಿ ಪೆಡಲ್ ಇರೋದು ನೇರ ಮುಂದಿನ ಚಕ್ರದ ನಡುವಿಗೆ. ಚೈನೇ ಇಲ್ಲ. ಪೆಡಲ್ ಒಂದು ಸುತ್ತು, ಚಕ್ರ ಒಂದು ಸುತ್ತು. ಜಾಸ್ತಿ ಸ್ಪೀಡ್ ಬೇಕಾ? ಚಕ್ರವನ್ನೇ ದೊಡ್ಡದು ಮಾಡು. ಆದ್ರೆ ಎಷ್ಟು ಅಂತ ದೊಡ್ಡದು ಮಾಡೋದು? ಕಾಲು ಎಟುಕಬೇಕಲ್ಲ!

ಆ ಲೆಕ್ಕ ಇವತ್ತೂ ಬದುಕಿದೆ. ಸೈಕಲ್ ಹುಡುಗರು 'ಗೇರ್ ಇಂಚು' ಅಂತಾರಲ್ಲ, ಅದು ಇದೇ. ಮುಂದಿನ ಚೈನ್‌ವೀಲ್ 48 ಹಲ್ಲು, ಹಿಂದಿನ ಕಾಗ್ 16 ಹಲ್ಲು, ಚಕ್ರ 27 ಇಂಚು ಅಂದ್ಕೊಳ್ಳಿ. 48 ಭಾಗಿಸು 16 ಅಂದ್ರೆ 3. ಮೂರು ಗುಣಿಸು 27, ಒಟ್ಟು 81. ಅಂದ್ರೆ ನೀವು 81 ಇಂಚಿನ ಚಕ್ರದ ಹಳೇ ಸೈಕಲ್ ತುಳಿದಂಗೆ. ಹತ್ತಿರ ಹತ್ತಿರ ಏಳಡಿ ಚಕ್ರ! ಅಷ್ಟುದ್ದ ಕಾಲು ಯಾರಿಗಿದೆ?

📷 3/8
ಕಾಲಿನ ಸಮಸ್ಯೆ ಬಗೆಹರಿಸಿದ್ದು ಚೈನ್. 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ ಕೆಲಸ ಮಾಡ್ತಿದ್ದ ಹ್ಯಾನ್ಸ್ ರೆನಾಲ್ಡ್ ಅನ್ನೋ ಸ್ವಿಸ್ ಮೂಲದ ಎಂಜಿನಿಯರ್ ಬುಷ್ ರೋಲರ್ ಚೈನಿಗೆ ಪೇಟೆಂಟ್ ತಗೊಂಡ. ಅವನ ಕಂಪನಿ ಮೊದಲು ಮಾಡ್ತಿದ್ದದ್ದು ಬಟ್ಟೆ ಗಿರಣಿ ಯಂತ್ರಗಳ ಚೈನು. 1885ರಲ್ಲಿ ಕೋವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಸೈಕಲ್ ತಂದ. ಹಿಂದಿನ ಚಕ್ರಕ್ಕೆ ಚೈನ್, ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಎತ್ತರ. ನಮ್ಮ ತಾತನ ಕಪ್ಪು ಸೈಕಲ್ಲಿನ ಮೂಲಪುರುಷ ಅದೇ.

ಆಗಿನ ಚೈನ್‌ಗಳಲ್ಲಿ ಒಂದು ಇಂಚಿನ ಪಿಚ್ ಇದ್ದವೂ ಓಡಾಡ್ತಿದ್ವು. ಪಿಚ್ ಅಂದ್ರೆ ಒಂದು ಪಿನ್ನಿಂದ ಇನ್ನೊಂದು ಪಿನ್ನಿಗೆ ಇರೋ ದೂರ. ಕೊನೆಗೆ ಗೆದ್ದದ್ದು ಅರ್ಧ ಇಂಚು. 1970ರ ದಶಕದಲ್ಲಿ ಜಪಾನಿನ ಶಿಮಾನೊ 10 ಮಿಲಿಮೀಟರ್ ಪಿಚ್ ತಂದು ನೋಡ್ತು, ನಿಲ್ಲಲಿಲ್ಲ. ಇಡೀ ಜಗತ್ತು ಮೆಟ್ರಿಕ್‌ಗೆ ಹೋದ್ರೂ ಸೈಕಲ್ ಚೈನ್ ಮಾತ್ರ ಇಂಚಲ್ಲೇ ಕೂತಿದೆ 😄

📷 4/8
ಪಿಚ್ ಒಂದೇ ಆದ್ರೂ ಅಗಲ ಒಂದೇ ಅಲ್ಲ. ಹೊಸಬರು ಎಡವೋದು ಇಲ್ಲೇ.

ಒಂದೇ ಗೇರಿನ ಸೈಕಲ್ಲಿನ ಚೈನ್ ಅಗಲ 1/8 ಇಂಚು. ನಮ್ಮೂರ ಹಾಲಿನವರ, ಪೇಪರ್‌ನವರ ಕಪ್ಪು ಸೈಕಲ್ಲಲ್ಲೂ ಇದೇ. ಫ್ರಾನ್ಸಿನಲ್ಲಿ ಟೂರ್ ದ ಫ್ರಾನ್ಸ್ ಶುರುವಾಗಿದ್ದು 1903ರಲ್ಲಿ, ಆರು ಹಂತ, 2,428 ಕಿಲೋಮೀಟರ್. ಅಲ್ಲಿ ಗೇರ್ ಬದಲಿಸೋ ಡಿರೇಲರ್‌ಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಲ್ಲಿವರೆಗೆ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ, ಇನ್ನೊಂದು ಬದಿಯ ಕಾಗ್‌ಗೆ ಚೈನ್ ಹಾಕ್ತಿದ್ರು. ಪಕ್ಕಪಕ್ಕದಲ್ಲಿ ಮೂರು, ನಾಲ್ಕು, ಐದು ಕಾಗ್ ಕೂರಿಸೋ ಕಾಲ ಬಂದಾಗ ಜಾಗ ಸಾಲದು. ಅದಕ್ಕೇ ಸಣ್ಣ ಚೈನ್, 3/32 ಇಂಚು.

ನೆನಪಿಡಿ: 1/8 ಚೈನ್ 3/32 ಕಾಗ್ ಮೇಲೆ ಓಡುತ್ತೆ. 3/32 ಚೈನ್ 1/8 ಕಾಗ್ ಮೇಲೆ ಕೂರಲ್ಲ. ಅಗಲದ ಹಲ್ಲು ಸಣ್ಣ ಚೈನೊಳಗೆ ಇಳಿಯೋದೇ ಇಲ್ಲ.

📷 5/8
ಈಗ ನನ್ನ ಮೊಣಕಾಲಿನ ವಿಷಯ.

19ನೇ ಶತಮಾನದ ಕೊನೆಗೆ ಫ್ರೀವೀಲ್ ಬಂತು. ಟಿಕ್ ಟಿಕ್ ಸದ್ದು ಮಾಡುತ್ತಲ್ಲ, ಅದು. ಜನಕ್ಕೆ ತುಂಬಾ ಹಿಡಿಸ್ತು. ಫಿಕ್ಸಿ ನಿಧಾನಕ್ಕೆ ರೇಸ್ ಟ್ರ್ಯಾಕ್ ಕಡೆ ಸರೀತು. ಆದ್ರೆ ಫ್ರೀವೀಲ್ ಕೂರೋ ಥ್ರೆಡ್ಡೂ ಫಿಕ್ಸ್ಡ್ ಕಾಗ್ ಕೂರೋ ಥ್ರೆಡ್ಡೂ ಸರಿಸುಮಾರು ಒಂದೇ ಉಳೀತು: 1.37 ಇಂಚು, ಇಂಚಿಗೆ 24 ಸುತ್ತು. ಸೈಕಲ್‌ನವರು ಬಿಎಸ್ಎ ಥ್ರೆಡ್ ಅಂತಾರೆ. ಬಿಎಸ್ಎ ಅಂದ್ರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, 1861ರಲ್ಲಿ ಬಂದೂಕು ಮಾಡೋಕೆ ಹುಟ್ಟಿದ ಕಂಪನಿ. ಅದರ ಗುರುತೇ ಒಂದಕ್ಕೊಂದು ಆನಿಸಿಟ್ಟ ಮೂರು ಬಂದೂಕು!

ಅಳತೆ ಒಂದೇ ಆಗಿರೋದ್ರಿಂದ ಫಿಕ್ಸ್ಡ್ ಕಾಗ್ ಫ್ರೀವೀಲ್ ಹಬ್ ಮೇಲೂ ಸಲೀಸಾಗಿ ಕೂರುತ್ತೆ. ನಾನು ಮಾಡಿದ್ದು ಅದೇ. ಗುಂಡಿ ಇರೋದೂ ಅಲ್ಲೇ. ನಿಜವಾದ ಟ್ರ್ಯಾಕ್ ಹಬ್‌ನಲ್ಲಿ ಎರಡು ಮೆಟ್ಟಿಲು ಇರುತ್ತೆ. ದೊಡ್ಡದಕ್ಕೆ ಕಾಗ್, ಚಿಕ್ಕದಕ್ಕೆ ಉಲ್ಟಾ ಥ್ರೆಡ್ಡಿನ ಲಾಕ್‌ರಿಂಗ್. ಕಾಗ್ ಬಿಚ್ಚಿಕೊಳ್ಳೋಕೆ ಹೊರಟ್ರೆ ಅದೇ ತಿರುಗಾಟಕ್ಕೆ ಲಾಕ್‌ರಿಂಗ್ ಬಿಗಿಯಾಗುತ್ತೆ. ಫ್ರೀವೀಲ್ ಹಬ್‌ನಲ್ಲಿ ಆ ಎರಡನೇ ಮೆಟ್ಟಿಲೇ ಇಲ್ಲ.

ಸೈಕಲ್ ಶಾಪ್ ಕಾಕಾ ಚಕ್ರ ಕೈಗೆ ತಗೊಂಡು ಒಂದೇ ಸಲ ನೋಡಿದ್ರು. "ತಮ್ಮಾ, ತುಳಿದ್ರ ಬಿಗಿ ಆಗ್ತೈತಿ, ಹಿಂದಕ್ಕ ಒತ್ತಿದ್ರ ಬಿಚ್ಕೊಂತೈತಿ. ಇದನ್ನ ಹಿಡಿಯಾಕ ಏನೂ ಇಲ್ಲಲ್ಲ ಇಲ್ಲಿ" ಅಂದ್ರು. ನಾನು ಸುಮ್ನೆ ನಿಂತೆ.

📷 6/8
ಪಾರ್ಟ್ಸ್ ಹೊಂದಾಣಿಕೆಯನ್ನ ಜಗತ್ತಲ್ಲೇ ಅತಿ ಗಂಭೀರವಾಗಿ ತಗೊಂಡವರು ಜಪಾನಿನವರು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಕೊಕುರಾ ಊರಲ್ಲಿ ಕೇರಿನ್ ರೇಸ್ ಶುರುವಾಯ್ತು. ಜನ ದುಡ್ಡು ಕಟ್ಟಿ ನೋಡೋ ರೇಸು. ಸೈಕಲ್ ಕೈಕೊಟ್ರೆ ಸವಾರನ ಜೀವವೂ ಹೋಗುತ್ತೆ, ಕಟ್ಟಿದ ದುಡ್ಡಿನ ಮೇಲಿನ ನಂಬಿಕೆಯೂ ಹೋಗುತ್ತೆ. ಹಾಗಾಗಿ ಹಬ್, ಕಾಗ್, ಚೈನ್, ಕ್ರ್ಯಾಂಕ್ ಎಲ್ಲಾ ಪರೀಕ್ಷೆ ಆಗಬೇಕು, ಪಾಸಾದ ಪಾರ್ಟಿಗೆ 'ಎನ್‌ಜೆಎಸ್' ಮುದ್ರೆ. ಕೇರಿನ್ 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೂ ಹೋಯ್ತು.

ಆ ಸೈಕಲ್‌ಗಳಿಗೆ ಬ್ರೇಕ್ ಇಲ್ಲ, ನಿಜ. ಆದ್ರೆ ಅಲ್ಲಿ ಆಟೋ, ಹಸು, ಹಂಪ್, ರಾಂಗ್ ಸೈಡಲ್ಲಿ ಬರೋ ಸ್ಕೂಟರ್ ಕೂಡ ಇಲ್ಲ. ನ್ಯೂಯಾರ್ಕಿನ ಕೊರಿಯರ್ ಹುಡುಗರು ಟ್ರ್ಯಾಕ್ ಸೈಕಲ್ಲನ್ನ ರಸ್ತೆಗೆ ತಂದಾಗ ಸ್ಟೈಲ್ ನಮ್ಮ ಫೋನ್‌ವರೆಗೂ ಬಂತು, ಜೊತೆಗಿದ್ದ ಎಚ್ಚರ ಬರಲಿಲ್ಲ. ಬ್ರಿಟನ್ ಕಾನೂನಲ್ಲಿ ಫಿಕ್ಸ್ಡ್ ಚಕ್ರವನ್ನ ಒಂದು ಬ್ರೇಕ್ ಅಂತ ಲೆಕ್ಕ ಹಿಡೀತಾರೆ, ಆದ್ರೂ ಮುಂದಿನ ಚಕ್ರಕ್ಕೆ ಬ್ರೇಕ್ ಬೇಕೇ ಬೇಕು.

📷 7/8
ಗಣಿತ ಇಷ್ಟ ಇಲ್ಲದವರೂ ಇದನ್ನ ಓದಿ, ಟೈರ್ ದುಡ್ಡು ಉಳಿಯುತ್ತೆ.

ಫಿಕ್ಸಿಯಲ್ಲಿ ಸ್ಕಿಡ್ ಹೊಡೆದಾಗ ಕಾಲು ಪ್ರತಿ ಸಲ ಒಂದೇ ಭಂಗಿಯಲ್ಲಿ ಇರುತ್ತೆ. 48/16 ಇದ್ರೆ ಪೆಡಲ್ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು. ಅಂದ್ರೆ ಪ್ರತಿ ಸಲ ಟೈರಿನ ಅದೇ ಜಾಗ ನೆಲಕ್ಕೆ ಉಜ್ಜುತ್ತೆ. ಒಂದು ಹಲ್ಲು ಬದಲಿಸಿ 48/17 ಮಾಡಿ, ಸವೆತ 17 ಜಾಗಕ್ಕೆ ಹಂಚಿಹೋಗುತ್ತೆ. ಸೂತ್ರ ಸುಲಭ: ಭಿನ್ನರಾಶಿಯನ್ನ ಸಂಕ್ಷೇಪಿಸಿ, ಕೆಳಗೆ ಉಳಿದ ಸಂಖ್ಯೆಯೇ ಉತ್ತರ. 46/16 ಅಂದ್ರೆ 23/8, ಎಂಟು ಜಾಗ. ಹೈಸ್ಕೂಲ್ ಮೇಷ್ಟ್ರು 'ಇದು ಮುಂದೆ ಉಪಯೋಗಕ್ಕೆ ಬರುತ್ತೆ' ಅಂದಿದ್ದು ಸುಳ್ಳಲ್ಲ ನೋಡಿ.

📷 8/8
ಪಾರ್ಟ್ಸ್ ಕೊಳ್ಳೋ ಮುಂಚೆ ಈ ಐದು ನೋಡ್ಕೊಳ್ಳಿ:

1. ಹಬ್‌ನಲ್ಲಿ ಎರಡು ಮೆಟ್ಟಿಲಿನ ಥ್ರೆಡ್ ಇದೆಯಾ? ಇಲ್ಲ ಅಂದ್ರೆ ಅದು ಫಿಕ್ಸಿಗಲ್ಲ.
2. ಲಾಕ್‌ರಿಂಗ್ ಆ ಹಬ್ಬಿನದ್ದೇನಾ? ಸಾಮಾನ್ಯ ಅಳತೆ 1.29 ಇಂಚು, ಇಟಲಿಯ ಕ್ಯಾಂಪಗ್ನೋಲೋದ್ದು 1.32. ನೋಡೋಕೆ ಒಂದೇ, ಕೂರೋದು ಬೇರೆ.
3. ಚೈನ್, ಚೈನ್‌ವೀಲ್, ಕಾಗ್ ಮೂರೂ ಒಂದೇ ಅಗಲನಾ?
4. ಚೈನ್ ನೇರ ಇದೆಯಾ? ಟ್ರ್ಯಾಕ್ ಸೈಕಲ್‌ಗಳಲ್ಲಿ ಫ್ರೇಮಿನ ನಡುವಿಂದ ಚೈನಿಗೆ ಸಾಮಾನ್ಯವಾಗಿ 42 ಮಿಲಿಮೀಟರ್. ಮುಂದೆ ಹಿಂದೆ ಎರಡೂ ಕಡೆ ಸ್ಕೇಲ್ ಇಟ್ಟು ಅಳೀರಿ.
5. ಮುಂದಿನ ಬ್ರೇಕ್. ಇದಕ್ಕೆ ಚರ್ಚೆ ಇಲ್ಲ.

ಕೊನೇ ಫೋಟೋದಲ್ಲಿ ಇರೋದು ಹೊಸ ಹಬ್, ಹೊಸ ಲಾಕ್‌ರಿಂಗ್, ಕಾಕಾ ಬಿಗಿ ಮಾಡ್ತಿರೋ ಕೈ. ಬ್ರೇಕ್ ಕೂಡ ಅವರೇ ಹಾಕಿದ್ರು, ನಾನು ಬೇಡ ಅನ್ನಲಿಲ್ಲ. ನಿಮ್ಮಲ್ಲಿ ಯಾರಾದ್ರೂ ಫ್ರೀವೀಲ್ ಹಬ್ ಮೇಲೆ ಕಾಗ್ ಹಾಕ್ಕೊಂಡು ಓಡಾಡ್ತಿದ್ರೆ ಇವತ್ತು ಸಂಜೆನೇ ಬಿಚ್ಚಿ ನೋಡಿ. ಹಂಗೆ ಓಡಾಡ್ತಿರೋ ಫ್ರೆಂಡ್ ಇದ್ರೆ ಇದನ್ನ ಕಳಿಸಿ, ಬೈಕೊಂಡ್ರೂ ಪರವಾಗಿಲ್ಲ.

#ಸೈಕಲ್‌ಇತಿಹಾಸ #ಫಿಕ್ಸಿ #ಕನ್ನಡದಲ್ಲಿಓದಿ #ಬ್ರೇಕ್‌ಹಾಕ್ಸಿ