ಬೆನ್ನುಹುರಿಯ ಗಡ್ಡೆಯನ್ನು ಕಂಡ ಬಗೆ

ಬೆನ್ನೆಲುಬಿನ ಕೊಳವೆಯೊಳಗೆ ಸುರಕ್ಷಿತವಾಗಿರುವ ಬೆನ್ನುಹುರಿಯು ಮೆದುಳಿನ ಆಜ್ಞೆಯನ್ನು ಕೈಕಾಲುಗಳಿಗೆ ಒಯ್ಯುವುದೆಂದು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಆ ಇಕ್ಕಟ್ಟಾದ ಎಡೆಯಲ್ಲಿ ಗಡ್ಡೆಯೊಂದು ಬೆಳೆದರೆ ಹುರಿಯು ನಲುಗಿ ಮಗುವಿನ ನಡಿಗೆ ಕೆಡುತ್ತದೆ. ಮಕ್ಕಳಲ್ಲಿ ಈ ವ್ಯಾಧಿಯು ವಿರಳ. ವಿರಳವಾದುದರಿಂದಲೇ ಅನೇಕ ವೇಳೆ ತಡವಾಗಿ ತಿಳಿಯುತ್ತದೆ. ಎಲುಬಿನ ಮರೆಯಲ್ಲಿರುವ ಈ ಗಡ್ಡೆಯನ್ನು ವೈದ್ಯರು ಕಾಣಲು ಕಲಿತ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

1887ರಲ್ಲಿ ಲಂಡನ್ ನಗರದ ವೈದ್ಯ ಗವರ್ಸ್ ಎಂಬವರು ರೋಗಿಯೊಬ್ಬರ ನೋವು, ಸ್ಪರ್ಶಜ್ಞಾನದ ನಾಶ, ಕಾಲುಗಳ ನಿಶ್ಶಕ್ತಿ ಇವುಗಳನ್ನು ಪರೀಕ್ಷಿಸಿ, ಗಡ್ಡೆಯಿರುವ ಸ್ಥಳವನ್ನು ತರ್ಕದಿಂದಲೇ ಊಹಿಸಿದರು. ಶಸ್ತ್ರವೈದ್ಯ ಹಾರ್ಸ್ಲಿಯವರು ಅಲ್ಲಿ ಎಲುಬನ್ನು ತೆರೆದಾಗ ಗಡ್ಡೆಯು ಕಾಣಲಿಲ್ಲ. ಇನ್ನಷ್ಟು ಮೇಲಕ್ಕೆ ತೆರೆದ ಬಳಿಕವೇ ಅದು ದೊರೆಯಿತು. ರೋಗಿಯು ಮತ್ತೆ ನಡೆದಾಡುವಂತಾದನು. ಕಣ್ಣಿಗೆ ಕಾಣದುದನ್ನು ಹುಡುಕುವ ಕಷ್ಟವೆಷ್ಟೆಂಬುದು ಇದರಿಂದ ವಿದಿತವಾಗುತ್ತದೆ.

1895ರಲ್ಲಿ ಜರ್ಮನಿಯ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಆದರೆ ಈ ಕಿರಣಗಳ ಚಿತ್ರದಲ್ಲಿ ಎಲುಬು ಸ್ಪಷ್ಟವಾಗಿ ಮೂಡುವುದೇ ಹೊರತು ಮೃದುವಾದ ಹುರಿಯು ಮೂಡದು. ಹೀಗಿರಲು ವೈದ್ಯರು ಎಲುಬಿನಲ್ಲಾದ ಬದಲಾವಣೆಗಳನ್ನೇ ಅರಸಿದರು. ಬೆಳೆಯುವ ಮಗುವಿನ ಎಲುಬು ನಿಧಾನವಾಗಿ ಹಿಗ್ಗುವ ಗಡ್ಡೆಗೆ ಎಡೆಕೊಟ್ಟು ಅಗಲವಾಗುತ್ತದೆ. 1934ರಲ್ಲಿ ಅಮೆರಿಕದ ಎಲ್ಸ್‌ಬರ್ಗ್ ಮತ್ತು ಡೈಕ್ ಎಂಬವರು ಕ್ಷ-ಕಿರಣದ ಚಿತ್ರಗಳಲ್ಲಿ ಆ ಅಗಲವನ್ನು ಅಳೆದು ಗಡ್ಡೆಯನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿದರು.

ಇದಕ್ಕೂ ಮೊದಲೇ, 1921ರಲ್ಲಿ, ಫ್ರಾನ್ಸಿನ ಸಿಕಾರ್ ಮತ್ತು ಫಾರೆಸ್ಟಿಯೆ ಎಂಬವರು ಇನ್ನೊಂದು ಮಾರ್ಗವನ್ನು ತೆರೆದಿದ್ದರು. ಅಯೋಡಿನ್ ಕೂಡಿಸಿದ ಗಸಗಸೆ ಎಣ್ಣೆಯನ್ನು ಹುರಿಯ ಸುತ್ತಲಿನ ದ್ರವದೊಳಕ್ಕೆ ಸೂಜಿಯಿಂದ ಬಿಟ್ಟು ಚಿತ್ರ ತೆಗೆದರೆ, ಗಡ್ಡೆಯಿರುವಲ್ಲಿ ಎಣ್ಣೆಯು ತಡೆದು ನಿಲ್ಲುವುದು ಕಾಣುತ್ತಿತ್ತು. ಉಪಾಯವು ಫಲಕಾರಿಯೇ ಹೌದು; ಆದರೆ ಆ ಎಣ್ಣೆಯು ಬಹುಕಾಲ ಒಳಗೇ ಉಳಿದು ಕೆಲವರಲ್ಲಿ ಉರಿಯೂತವನ್ನುಂಟುಮಾಡುತ್ತಿತ್ತು. ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡು, ವಾಲಿಸಿದ ಮೇಜಿನ ಮೇಲೆ ಮಲಗಬೇಕಾದ ಎಳೆಯ ಮಗುವಿನ ಪಾಡನ್ನು ವಾಚಕರೇ ಊಹಿಸಬಹುದು. ನೀರಿನಲ್ಲಿ ಕರಗಿ ಹೋಗುವ ದ್ರವ್ಯಗಳು ವ್ಯಾಪಕವಾಗಿ ಬಳಕೆಗೆ ಬಂದುದು 1970ರ ದಶಕದಲ್ಲಿ.

ಅದೇ ದಶಕದಲ್ಲಿ ಎರಡು ಮಹತ್ತರ ಸಾಧನೆಗಳಾದುವು. ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ನಿರ್ಮಿಸಿದ ಸಿ.ಟಿ. ಯಂತ್ರದಿಂದ 1971ರಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರವನ್ನು ತೆಗೆಯಲಾಯಿತು. 1973ರಲ್ಲಿ ಅಮೆರಿಕದ ಲಾಟರ್‌ಬರ್ ಕಾಂತಶಕ್ತಿಯಿಂದ ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಇಂಗ್ಲೆಂಡಿನ ಮ್ಯಾನ್ಸ್‌ಫೀಲ್ಡ್ ಅದನ್ನು ಬೆಳೆಸಿದರು. ಇವರಿಬ್ಬರಿಗೂ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಎಂ.ಆರ್.ಐ. ಎಂದು ಪ್ರಸಿದ್ಧವಾದ ಈ ವಿಧಾನವು ಶರೀರದ ನೀರಿನಲ್ಲಿರುವ ಜಲಜನಕದ ಕಣಗಳಿಂದ ಸಂಕೇತಗಳನ್ನು ಪಡೆದು ಹುರಿಯನ್ನೇ ಚಿತ್ರಿಸುತ್ತದೆ. ಗಡ್ಡೆಯು ಹುರಿಯ ಒಳಗಿದೆಯೋ ಹೊರಗಿದೆಯೋ, ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆಯೋ ಎಂಬುದನ್ನು ಶಸ್ತ್ರವೈದ್ಯರು ಮೊದಲೇ ಅರಿಯಬಹುದು. ಇಲ್ಲಿ ಕ್ಷ-ಕಿರಣದ ಸೋಂಕಿಲ್ಲ. ಆದರೆ ಮಗುವು ಬಹಳ ಹೊತ್ತು ಅಲುಗದೆ ಮಲಗಬೇಕಾದುದರಿಂದ, ಎಳೆಯರಿಗೆ ಅನೇಕ ವೇಳೆ ನಿದ್ರೆಯ ಔಷಧ ಕೊಡಬೇಕಾಗುತ್ತದೆ. ಹಸುಗೂಸುಗಳ ಬೆನ್ನೆಲುಬಿನ ಹಿಂಭಾಗವು ಪೂರ್ಣವಾಗಿ ಗಟ್ಟಿಯಾಗದಿರುವುದರಿಂದ, ಶ್ರವಣಾತೀತ ಧ್ವನಿಯಿಂದಲೂ ಹುರಿಯನ್ನು ನೋಡಬಹುದು.

ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯ ಎರಡು ಬದಿಗಳಲ್ಲಿಯೂ ಇಂತಹ ಚಿಕಿತ್ಸೆಯ ಕೇಂದ್ರಗಳಿರುವುದು ಭಾಗ್ಯವೇ ಸರಿ. ಮೂಡಣದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1949ರಲ್ಲಿ ಡಾ. ಜೇಕಬ್ ಚಾಂಡಿಯವರು ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದರು. ಹೊಸೂರಿಗೆ ಸುಮಾರು 40 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸರ್ಕಾರಿ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ನರಶಸ್ತ್ರವೈದ್ಯ ಡಾ. ಆರ್. ಮಾರ್ತಾಂಡ ವರ್ಮ ಅದರ ಮೊದಲ ನಿರ್ದೇಶಕರು. ಕಿದ್ವಾಯಿ ಗಂತಿ ಸಂಸ್ಥೆಯು 1973ರಲ್ಲಿ ಅದೇ ನಗರದಲ್ಲಿ ಸ್ಥಾಪಿತವಾಯಿತು.

ಯಂತ್ರವೆಷ್ಟೇ ಸೂಕ್ಷ್ಮವಾಗಿದ್ದರೂ ತನ್ನ ಬಳಿಗೆ ಬಾರದ ಮಗುವನ್ನು ಅದು ನೋಡಲಾರದು. ಶಸ್ತ್ರಕ್ರಿಯೆಗೆ ಮುನ್ನ ಕಾಲಿನಲ್ಲಿ ಎಷ್ಟು ಬಲ ಉಳಿದಿದೆಯೆಂಬುದರ ಮೇಲೆಯೇ ಮುಂದಿನ ನಡಿಗೆಯು ಬಹುಮಟ್ಟಿಗೆ ನಿಂತಿದೆ. ರಾತ್ರಿ ನಿದ್ರೆಗೆಡಿಸುವ ಬೆನ್ನುನೋವು, ಪದೇಪದೇ ಎಡವುವುದು, ಓರೆಯಾದ ಕತ್ತು, ಸೊಟ್ಟಗಾಗುವ ಬೆನ್ನು, ಮೊದಲಿಲ್ಲದೆ ಹೊಸತಾಗಿ ಮೂತ್ರದ ಹಿಡಿತ ತಪ್ಪುವುದು—ಇವು ಬಹುಪಾಲು ಬೇರೆ ಕಾರಣಗಳಿಂದ ಬರಬಹುದು. ಆದರೂ ವೈದ್ಯರಿಗೆ ತೋರಿಸತಕ್ಕ ಲಕ್ಷಣಗಳೇ. ಆಟದ ಬಯಲಿನಲ್ಲಿ ಹಿಂದುಳಿದ ಬಾಲಕನನ್ನು ಸೋಮಾರಿಯೆಂದು ಗದರಿಸುವ ಮೊದಲು ನಾವು ಅವನ ನಡಿಗೆಯನ್ನು ಒಮ್ಮೆ ಗಮನಿಸೋಣ. ಸಂದೇಹ ಬಂದಲ್ಲಿ ಅಂದೇ ತಂದೆತಾಯಿಗಳಿಗೆ ತಿಳಿಸೋಣ. ವಿದ್ಯಾರ್ಥಿಗಳೂ ತಮ್ಮ ನೋವನ್ನು ಬಚ್ಚಿಡದೆ ಹಿರಿಯರೊಡನೆ ಹೇಳಿಕೊಳ್ಳಲಿ.